ಮತ ಅಂದರೆ ಧರ್ಮ, ಮತ ಅಂದರೆ ವೋಟು: ಎರಡನ್ನೂ ಓದುವ ವೃತ್ತಿಗೆ ಬರುವವರಿಗೆ

ಪಿಎಚ್‌ಡಿಯ ಮೊದಲ ವರ್ಷ. ಗ್ರಂಥಾಲಯದಲ್ಲಿ ಪತ್ರಿಕೆ ತುಣುಕುಗಳ ಒಂದು ಕಡತ ತರಿಸಿದ್ದೆ. ರಟ್ಟಿನ ಮೇಲೆ ಯಾರೋ ದುಂಡಗೆ ‘ಮತ’ ಎಂದು ಬರೆದಿದ್ದರು. ಬಿಚ್ಚಿದರೆ ಒಳಗೆ ಮತಾಂತರದ ಸುದ್ದಿಯ ಪಕ್ಕದಲ್ಲೇ ಮತ ಎಣಿಕೆಯ ಸುದ್ದಿ. ಧರ್ಮಗುರುವೊಬ್ಬರ ಹೇಳಿಕೆಯ ಹಿಂದೆ ಮತಪೆಟ್ಟಿಗೆ ಕಳುವಾದ ವರದಿ. ಕಡತ ಜೋಡಿಸಿದವರಿಗೆ ಪದ ಒಂದೇ, ಹಾಗಾಗಿ ಜಾಗವೂ ಒಂದೇ. ನಾಲ್ಕು ದಿನ ಕೂತು ಎರಡು ರಾಶಿ ಮಾಡಿದೆ. ಯಾವ ರಾಶಿಗೂ ಸೇರದೆ ಮೂವತ್ತು ಚಿಲ್ಲರೆ ತುಣುಕು ಉಳಿದವು. ನನ್ನ ಮಹಾಪ್ರಬಂಧ ಹುಟ್ಟಿದ್ದು ಆ ಉಳಿದ ತುಣುಕುಗಳಲ್ಲಿ.

ರಾಜ್ಯಶಾಸ್ತ್ರದ ಒಳಗಿದ್ದುಕೊಂಡು ಧರ್ಮ ಮತ್ತು ರಾಜಕೀಯವನ್ನು ಓದಬೇಕು, ಅದನ್ನೇ ವೃತ್ತಿ ಮಾಡಿಕೊಳ್ಳಬೇಕು ಎಂದು ಪ್ರತಿವರ್ಷ ಒಬ್ಬಿಬ್ಬರು ನನ್ನ ಕೋಣೆಗೆ ಬರುತ್ತಾರೆ. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಬಾಯಲ್ಲಿ ಹೇಳುವಾಗ ಸ್ವಲ್ಪ ಹೆಚ್ಚು ಗೊಣಗುತ್ತೇನೆ, ಅಷ್ಟೇ ವ್ಯತ್ಯಾಸ.

ಮೊದಲು ಪ್ರಶ್ನೆ

ಬಂದವರಲ್ಲಿ ಹೆಚ್ಚಿನವರು ‘ರಾಜಕೀಯದ ಮೇಲೆ ಧರ್ಮದ ಪ್ರಭಾವ’ ಎಂಬ ಶೀರ್ಷಿಕೆ ಹಿಡಿದುಕೊಂಡು ಬರುತ್ತಾರೆ. ಇದು ಪ್ರಶ್ನೆಯಲ್ಲ, ಕಪಾಟಿಗೆ ಅಂಟಿಸುವ ಚೀಟಿ. ಪ್ರಭಾವ ಇದೆ ಅಂತ ಯಾರು ಬೇಕಾದರೂ ಹೇಳುತ್ತಾರೆ. ಅದಕ್ಕೆ ಐದು ವರ್ಷ ಯಾಕೆ ಬೇಕು?

ನಾನು ಮಾಡಿಸುವ ಅಭ್ಯಾಸ ಇದು. ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅದರಲ್ಲಿ ‘ಧರ್ಮ’ ಎಂಬ ಪದ ಇದ್ದರೆ ಹೊಡೆದುಹಾಕಿ. ಆ ಜಾಗದಲ್ಲಿ ಒಬ್ಬ ಮನುಷ್ಯನನ್ನೋ ಒಂದು ಸಂಸ್ಥೆಯನ್ನೋ ಕೂರಿಸಿ: ಪಾದ್ರಿ, ಮುಲ್ಲಾ, ಮಠಾಧಿಪತಿ, ಪ್ರತಿವಾರ ಪ್ರಾರ್ಥನೆಗೆ ಹೋಗುವ ಹೆಂಗಸು, ಆಸ್ಪತ್ರೆ ನಡೆಸುವ ಟ್ರಸ್ಟ್, ಪಕ್ಷದ ಖಜಾಂಚಿ. ವಾಕ್ಯ ಈಗಲೂ ನಿಂತರೆ ನಿಮ್ಮ ಕೈಯಲ್ಲಿ ಪ್ರಶ್ನೆ ಇದೆ. ಕುಸಿದುಬಿದ್ದರೆ ಇಲ್ಲ.

ಒಳ್ಳೆಯ ಪ್ರಶ್ನೆ ಹೇಗಿರುತ್ತದೆ ಎಂದು ತೋರಿಸಲು ನಾನು ಯಾವಾಗಲೂ ರಾಜ್ಯಶಾಸ್ತ್ರಜ್ಞ ಆಂಥೊನಿ ಗಿಲ್ ಅವರ 1998ರ ಪುಸ್ತಕವನ್ನೇ ಎತ್ತಿಕೊಳ್ಳುತ್ತೇನೆ. ಲ್ಯಾಟಿನ್ ಅಮೆರಿಕದಲ್ಲಿ ಸರ್ವಾಧಿಕಾರ ನಡೆಯುತ್ತಿದ್ದಾಗ ಚಿಲಿಯ ಕ್ಯಾಥೊಲಿಕ್ ಚರ್ಚ್ ಆಳುವವರನ್ನು ಎದುರುಹಾಕಿಕೊಂಡಿತು. ಪಕ್ಕದ ಅರ್ಜೆಂಟೀನಾದಲ್ಲಿ ಅದೇ ಚರ್ಚಿನ ಹಿರಿಯರು ಬಹುಪಾಲು ಸುಮ್ಮನಿದ್ದರು. ಎರಡೂ ಕಡೆ ಗ್ರಂಥ ಒಂದೇ, ಪೋಪ್ ಒಬ್ಬರೇ. ನಡತೆ ಮಾತ್ರ ಬೇರೆ. ಯಾಕೆ? ಎಲ್ಲಿ ಪ್ರಾಟೆಸ್ಟೆಂಟರು ಬಡವರ ನಡುವೆ ಬೇರುಬಿಡುತ್ತಿದ್ದರೋ ಅಲ್ಲಿ ಕ್ಯಾಥೊಲಿಕ್ ಚರ್ಚು ತನ್ನ ಜನರನ್ನು ಉಳಿಸಿಕೊಳ್ಳಲು ಬಡವರ ಪರ ನಿಲ್ಲಬೇಕಾಯಿತು ಎಂಬುದು ಗಿಲ್ ವಾದ. ನೀವು ಒಪ್ಪಬಹುದು, ಬಿಡಬಹುದು. ನಾನು ಅರ್ಧ ಒಪ್ಪುತ್ತೇನೆ. ಆದರೆ ಪ್ರಶ್ನೆಯ ಕಟ್ಟು ನೋಡಿ. ಗ್ರಂಥ ಎರಡೂ ಕಡೆ ಒಂದೇ ಇದ್ದಾಗ ವ್ಯತ್ಯಾಸಕ್ಕೆ ಉತ್ತರ ಗ್ರಂಥದಲ್ಲಿ ಸಿಗೋದಿಲ್ಲ. ಬೇರೆ ಕಡೆ ಹುಡುಕಲೇಬೇಕು.

ಇನ್ನೊಬ್ಬ ರಾಜ್ಯಶಾಸ್ತ್ರಜ್ಞ ಸ್ಟಾಥಿಸ್ ಕಲಿವಾಸ್ 1996ರಲ್ಲಿ ಕೇಳಿದ್ದೂ ಇಂಥದ್ದೇ. ಯುರೋಪಿನ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷಗಳನ್ನು ಚರ್ಚೇ ಹುಟ್ಟುಹಾಕಿತು ಎಂದು ಎಲ್ಲರೂ ಅಂದುಕೊಂಡಿದ್ದರು. ಚರ್ಚಿಗೆ ಆ ಪಕ್ಷಗಳು ಬೇಕಾಗಿರಲೇ ಇಲ್ಲ ಎಂದು ಅವರು ತೋರಿಸಿದರು. ಉದಾರವಾದಿ ಸರ್ಕಾರಗಳ ವಿರುದ್ಧದ ಜಗಳಕ್ಕೆ ಸಾಮಾನ್ಯ ಭಕ್ತರನ್ನು ಸಂಘಟಿಸಿದ್ದಾಯಿತು. ಜಗಳ ಮುಗಿದರೂ ಸಂಘಟನೆ ಉಳಿಯಿತು, ಅದಕ್ಕೆ ತನ್ನದೇ ನಾಯಕರು ಬಂದರು, ಚರ್ಚಿನ ಹಿಡಿತದಿಂದ ಜಾರಿತು. ಓದಿದಾಗ ‘ಅಯ್ಯೋ, ಹೌದಲ್ವಾ’ ಅನ್ನಿಸುವಂಥ ಪ್ರಶ್ನೆ ಸಿಗುವವರೆಗೂ ಗೈಡ್ ಎಷ್ಟೇ ಅವಸರ ಮಾಡಿದರೂ ಕಾಯಿರಿ.

ಅಳೆಯುವುದು: ಮೂರು ‘ನ’

ನಿಜವಾದ ಕೆಲಸ ಇಲ್ಲಿದೆ. ಹೆಚ್ಚಿನವರು ಕಾಲು ಜಾರುವುದೂ ಇಲ್ಲೇ.

ನನ್ನ ಮೊದಲ ಪ್ರಶ್ನಾವಳಿಯಲ್ಲಿ ‘ನಿಮ್ಮ ಬದುಕಿನಲ್ಲಿ ಧರ್ಮ ಎಷ್ಟು ಮುಖ್ಯ?’ ಎಂಬ ಪ್ರಶ್ನೆ ಇತ್ತು. ಒಂದರಿಂದ ನಾಲ್ಕರ ತನಕ ಅಂಕಿ. ತುಂಬಿದ ಹಾಳೆಗಳು ಕಟ್ಟುಕಟ್ಟಾಗಿ ಬಂದವು. ಆ ಕಾಲಂನಲ್ಲಿ ಮೇಲಿಂದ ಕೆಳಗೆ ನಾಲ್ಕು, ನಾಲ್ಕು, ನಾಲ್ಕು. ಮಧ್ಯೆ ಎಲ್ಲೋ ಒಂದು ಮೂರು. ಎಲ್ಲರೂ ಒಂದೇ ಉತ್ತರ ಕೊಟ್ಟರೆ ಅದರಿಂದ ಯಾವುದನ್ನೂ ವಿವರಿಸಲು ಬರುವುದಿಲ್ಲ. ಒಂದು ಇಡೀ ಬೇಸಿಗೆಯ ಕೆಲಸ ನೀರಿಗೆ ಹೋಯಿತು. ಆಮೇಲೆ ಕೆಲವರನ್ನು ಕೂರಿಸಿಕೊಂಡು ‘ಧರ್ಮ ಅಂದರೆ ಏನು ಅಂದುಕೊಂಡಿರಿ?’ ಎಂದು ಕೇಳಿದೆ. ಒಬ್ಬರು ದೇವರು ಅಂದರು. ಒಬ್ಬರು ನ್ಯಾಯವಾಗಿ ನಡೆದುಕೊಳ್ಳೋದು ಅಂದರು. ಇನ್ನೊಬ್ಬರಿಗೆ ಅದು ದಾನಧರ್ಮ. ನಮ್ಮ ಭಾಷೆಯಲ್ಲಿ ಪುಕ್ಕಟೆ ಸಿಕ್ಕಿದ್ದಕ್ಕೂ ‘ಧರ್ಮಕ್ಕೆ ಸಿಕ್ಕಿತು’ ಅಂತೀವಲ್ಲ! ಇಂಗ್ಲಿಷಿನ ‘ರಿಲಿಜನ್’ಗೆ ಸಮ ಎಂದು ನಾನು ಹಾಕಿದ ಪದ ನಾಲ್ಕು ಬಾಗಿಲಿನ ಮನೆಯಾಗಿತ್ತು. ಪ್ರಶ್ನಾವಳಿಯನ್ನು ಅನುವಾದಿಸಿದ ಮೇಲೆ ಇನ್ನೊಬ್ಬರಿಂದ ಮೂಲ ಭಾಷೆಗೆ ಮರು ಅನುವಾದ ಮಾಡಿಸಿ. ಬೇಜಾರಿನ ಕೆಲಸ, ಆದರೆ ಬೇಸಿಗೆ ಉಳಿಯುತ್ತದೆ.

ಈ ವಿಷಯದವರು ಧಾರ್ಮಿಕತೆಯನ್ನು ಮೂರಾಗಿ ಒಡೆದು ನೋಡುತ್ತಾರೆ. ನಾನು ಅದನ್ನು ಮೂರು ‘ನ’ ಎಂದು ಹೇಳಿಕೊಡುತ್ತೇನೆ: ನಂಬಿಕೆ, ನಡೆ, ನಂಟು. ಏನನ್ನು ನಂಬುತ್ತೀರಿ, ಏನನ್ನು ಮಾಡುತ್ತೀರಿ, ಯಾರ ಜೊತೆ ಗುರುತಿಸಿಕೊಳ್ಳುತ್ತೀರಿ. ಮೂರೂ ಒಟ್ಟಿಗೆ ಹೋಗಬೇಕೆಂದಿಲ್ಲ. ಜಪಾನಿನಲ್ಲಿ ಧಾರ್ಮಿಕ ಸಂಸ್ಥೆಗಳು ಕೊಡುವ ಸದಸ್ಯರ ಲೆಕ್ಕವನ್ನೆಲ್ಲ ಕೂಡಿಸಿದರೆ ದೇಶದ ಜನಸಂಖ್ಯೆಯನ್ನೇ ದಾಟುತ್ತದೆ. ಒಬ್ಬರೇ ಶಿಂಟೋ ಲೆಕ್ಕದಲ್ಲೂ ಇರುತ್ತಾರೆ, ಬೌದ್ಧ ಲೆಕ್ಕದಲ್ಲೂ ಇರುತ್ತಾರೆ. ಅದೇ ಜನರನ್ನು ಸಮೀಕ್ಷೆಯಲ್ಲಿ ಕೇಳಿದರೆ ಬಹಳಷ್ಟು ಮಂದಿ ತಮಗೆ ಯಾವ ಧರ್ಮವೂ ಇಲ್ಲ ಅನ್ನುತ್ತಾರೆ. ನಂಟು ಎರಡು, ನಂಬಿಕೆ ಸೊನ್ನೆ. ಇದನ್ನು ಒಂದೇ ಅಂಕಿಯಲ್ಲಿ ಹೇಗೆ ಬರೆಯುತ್ತೀರಿ?

‘ನಡೆ’ಯ ಬಗ್ಗೆ ಜನ ಹೇಳುವುದನ್ನೂ ಹಾಗೇ ನಂಬಬೇಡಿ. ಅಮೆರಿಕದಲ್ಲಿ ಶೇ 40ರಷ್ಟು ಜನ ಪ್ರತಿವಾರ ಚರ್ಚಿಗೆ ಹೋಗುತ್ತಾರೆ ಎಂದು ಸಮೀಕ್ಷೆಗಳು ದಶಕಗಟ್ಟಲೆ ಹೇಳುತ್ತಾ ಬಂದವು. 1993ರಲ್ಲಿ ಮೂವರು ಸಮಾಜಶಾಸ್ತ್ರಜ್ಞರು ಕೇಳುವುದನ್ನು ಬಿಟ್ಟು ಎಣಿಸಿದರು. ಬಂದವರ ತಲೆ ಲೆಕ್ಕ ಹಾಕಿದರೆ ಹೇಳಿದ್ದರ ಹೆಚ್ಚುಕಮ್ಮಿ ಅರ್ಧ! ಜನ ಬೇಕೆಂದೇ ಸುಳ್ಳು ಹೇಳಿದರು ಅಂತ ನನಗೆ ಅನ್ನಿಸುವುದಿಲ್ಲ. ‘ನಾನು ಹೋಗುವಂಥವನು’ ಎಂದು ಹೇಳಿದರು. ಅದೂ ಒಂದು ಮಾಹಿತಿಯೇ, ಆದರೆ ಅದು ನಂಟಿನ ಮಾಹಿತಿ. ಹಾಗಾಗಿ ‘ಎಷ್ಟು ಸಲ ಹೋಗುತ್ತೀರಿ’ ಎಂದು ಕೇಳುವ ಬದಲು ‘ನಿನ್ನೆ ಬೆಳಿಗ್ಗೆಯಿಂದ ಏನೇನು ಮಾಡಿದಿರಿ’ ಎಂದು ಕೇಳಿ. ಸಾಧ್ಯವಾದರೆ ಬಾಗಿಲಲ್ಲಿ ನಿಂತು ಎಣಿಸಿ. ನಾನು ಎಣಿಸಿದ್ದೇನೆ, ಕೈಯಲ್ಲಿ ಕ್ಲಿಕ್ಕರ್ ಹಿಡಿದುಕೊಂಡು. ಮಕ್ಕಳು ಅದು ಏನೆಂದು ಕೇಳಿ ತಾವೂ ಎರಡು ಸಲ ಒತ್ತಿದರು. ಆ ದಿನದ ಲೆಕ್ಕದಿಂದ ಎರಡು ಕಳೆದೆ.

ಕೇಳುವವರು ಯಾರು ಎಂಬುದೂ ಉತ್ತರವನ್ನು ಬದಲಿಸುತ್ತದೆ. ಕೈರೋದಲ್ಲಿ ಹೆಂಗಸರ ನಡುವೆ ನಡೆದ, 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಸಮೀಕ್ಷೆಗೆ ಬಂದ ಹೆಣ್ಣುಮಗಳು ಹಿಜಾಬ್ ಹಾಕಿದ್ದರೆ ಉತ್ತರ ಕೊಡುವವರು ತಮ್ಮನ್ನು ಹೆಚ್ಚು ಧಾರ್ಮಿಕರೆಂದು ಹೇಳಿಕೊಂಡರು. ಪ್ರಶ್ನೆ ಕೇಳಲು ಹೋದವರ ಉಡುಪು, ಹೆಸರು, ಮಾತಿನ ಧಾಟಿ ಎಲ್ಲವನ್ನೂ ಹಾಳೆಯ ಮೂಲೆಯಲ್ಲಿ ಬರೆದಿಡಿ. ನಂತರ ಯಾವತ್ತಾದರೂ ಬೇಕಾಗುತ್ತದೆ.

ಸರ್ಕಾರದ ಲೆಕ್ಕವಾದರೂ ನೆಟ್ಟಗಿರುತ್ತದೆಯೇ? 2001ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿಯಲ್ಲಿ ಧರ್ಮದ ಪ್ರಶ್ನೆ ಸೇರಿಸಿದಾಗ ಸುಮಾರು 3.9 ಲಕ್ಷ ಜನ ಸಿನಿಮಾದ ಕಾಲ್ಪನಿಕ ಜೆಡೈ ಪಂಥವನ್ನು ತಮ್ಮ ಧರ್ಮವೆಂದು ಬರೆದರು. ಇದು ನಗುವ ವಿಷಯ. ಲೆಬನಾನ್‌ನದ್ದು ನಗುವ ವಿಷಯವಲ್ಲ. ಅಲ್ಲಿ 1932ರ ನಂತರ ಅಧಿಕೃತ ಜನಗಣತಿಯೇ ನಡೆದಿಲ್ಲ. ಸಂಸತ್ತಿನ ಸೀಟುಗಳನ್ನು ಪಂಗಡಗಳ ಲೆಕ್ಕದಲ್ಲಿ ಹಂಚಿರುವಾಗ ಹೊಸದಾಗಿ ತಲೆ ಎಣಿಸುವುದೇ ಒಂದು ರಾಜಕೀಯ ಸ್ಫೋಟ. ಇಂಡೊನೇಷ್ಯಾ ಆರು ಧರ್ಮಗಳನ್ನು ಮಾನ್ಯ ಮಾಡಿದೆ. ಸ್ಥಳೀಯ ನಂಬಿಕೆಗಳವರು ಗುರುತಿನ ಚೀಟಿಯಲ್ಲಿ ತಮ್ಮದನ್ನು ಬರೆಸಿಕೊಳ್ಳುವ ಹಕ್ಕು ಪಡೆದದ್ದು 2017ರ ಸಾಂವಿಧಾನಿಕ ನ್ಯಾಯಾಲಯದ ತೀರ್ಪಿನಿಂದ. ಅದಕ್ಕೂ ಮುಂಚಿನ ಅಂಕಿಗಳಲ್ಲಿ ಅವರು ಬೇರೆ ಯಾರದೋ ಹೆಸರಿನಲ್ಲಿ ಅಡಗಿದ್ದಾರೆ. ನೀವು ಡೌನ್‌ಲೋಡ್ ಮಾಡಿಕೊಳ್ಳುವ ಕೋಷ್ಟಕದ ಹಿಂದೆ ಇಂಥ ಜಗಳಗಳಿವೆ. ಕೆಲವು ಸಲ ಕೋಷ್ಟಕಕ್ಕಿಂತ ಆ ಜಗಳವೇ ಒಳ್ಳೆಯ ಸಂಶೋಧನಾ ವಿಷಯ.

ಬಾಣ ಯಾವ ಕಡೆಗೆ?

ಧರ್ಮ ಕಾರಣ, ರಾಜಕೀಯ ಪರಿಣಾಮ. ಎಲ್ಲರೂ ಹೀಗೇ ಬಾಣ ಎಳೆಯುತ್ತಾರೆ. ಒಮ್ಮೆ ತಿರುಗಿಸಿ ನೋಡಿ. ಅಮೆರಿಕದಲ್ಲಿ ‘ಯಾವ ಧರ್ಮವೂ ಇಲ್ಲ’ ಎನ್ನುವವರ ಪ್ರಮಾಣ 1990ರ ದಶಕದಲ್ಲಿ ಶೇ 7ರಿಂದ 14ಕ್ಕೆ ಏರಿತು. ಜನ ದೇವರನ್ನು ಬಿಟ್ಟರು ಅಂತ ತಾನೇ ಮೊದಲು ಅನ್ನಿಸುವುದು? ಸಮಾಜಶಾಸ್ತ್ರಜ್ಞರಾದ ಮೈಕಲ್ ಹೌಟ್ ಮತ್ತು ಕ್ಲಾಡ್ ಫಿಷರ್ 2002ರಲ್ಲಿ ಬೇರೆ ಮಾತು ಹೇಳಿದರು. ನಂಬಿಕೆ ಅಷ್ಟೇನೂ ಕುಗ್ಗಿರಲಿಲ್ಲ. ಧಾರ್ಮಿಕ ಬಲಪಂಥದ ರಾಜಕೀಯ ಹಿಡಿಸದ ಮಧ್ಯಮ ಮತ್ತು ಉದಾರ ನಿಲುವಿನವರು ‘ಇದೇ ಧರ್ಮವಾದರೆ ನಮ್ಮನ್ನು ಬಿಟ್ಟುಬಿಡಿ’ ಎಂದು ದೂರ ಸರಿದಿದ್ದರು. ರಾಜಕೀಯ ಕಾರಣ, ಧರ್ಮ ಪರಿಣಾಮ.

ಅಂದಿನಿಂದ ನಾನು ಯಾವ ಪ್ರಸ್ತಾವನೆ ಓದಿದರೂ ಅಂಚಿನಲ್ಲಿ ಪೆನ್ಸಿಲಿನಿಂದ ಬಾಣವನ್ನು ಉಲ್ಟಾ ಬರೆಯುತ್ತೇನೆ. ವಿದ್ಯಾರ್ಥಿಗಳಿಗೆ ಕಿರಿಕಿರಿ. ಪರವಾಗಿಲ್ಲ.

ಕಲಿಯಬೇಕಾದದ್ದು

ಸಂಖ್ಯಾಶಾಸ್ತ್ರ ಕಲಿಯಿರಿ. ನೀವು ಸಂದರ್ಶನವನ್ನೇ ನಂಬಿ ಕೆಲಸ ಮಾಡುವವರಾದರೂ ಕಲಿಯಿರಿ. ಇಲ್ಲದಿದ್ದರೆ ಬೇರೆಯವರ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಒಂದು ಭಾಷೆ ಹೆಚ್ಚು ಕಲಿಯಿರಿ, ಆ ಧರ್ಮದವರು ಜಗಳವಾಡುವಾಗ ಬಳಸುವ ಭಾಷೆ. ಪ್ರಾರ್ಥನೆಯ ಭಾಷೆ ಒಂದಿರುತ್ತದೆ, ಆಡಳಿತ ಮಂಡಳಿಯ ಸಭೆಯ ಭಾಷೆ ಇನ್ನೊಂದು.

ಕಾನೂನನ್ನು ಸ್ವಲ್ಪವಾದರೂ ಓದಿಕೊಳ್ಳಿ. ‘ಸೆಕ್ಯುಲರ್’ ಎಂಬ ಒಂದೇ ಪದದಡಿ ಏನೇನೋ ಇದೆ. ಅಮೆರಿಕದಲ್ಲಿ ಸಂವಿಧಾನದ 1791ರ ಮೊದಲ ತಿದ್ದುಪಡಿ, ಫ್ರಾನ್ಸಿನಲ್ಲಿ 1905ರ ಕಾಯ್ದೆ. ಎರಡೂ ಧರ್ಮವನ್ನು ಪ್ರಭುತ್ವದಿಂದ ಬೇರ್ಪಡಿಸುತ್ತವೆ. ಆದರೆ ಫ್ರಾನ್ಸಿನ ಸರ್ಕಾರಿ ಶಾಲೆಗಳಲ್ಲಿ ಎದ್ದುಕಾಣುವ ಧಾರ್ಮಿಕ ಚಿಹ್ನೆಗಳನ್ನು 2004ರಲ್ಲಿ ನಿಷೇಧಿಸಿದರು. ಅಮೆರಿಕದಲ್ಲಿ ವಿದ್ಯಾರ್ಥಿಗೆ ಅವನ್ನು ಧರಿಸುವ ಹಕ್ಕು ಇದೆ. ರಾಜ್ಯಶಾಸ್ತ್ರಜ್ಞ ಅಹ್ಮೆತ್ ಕುರು ಇವುಗಳನ್ನು ಸುಮ್ಮನಿರುವ ಸೆಕ್ಯುಲರಿಸಂ, ಕೈಹಾಕುವ ಸೆಕ್ಯುಲರಿಸಂ ಎಂಬರ್ಥದಲ್ಲಿ ಬೇರೆ ಮಾಡಿದರು. ಕೈಹಾಕುವ ಗುಂಪಿನಲ್ಲಿ ಫ್ರಾನ್ಸಿನ ಜೊತೆಗೆ ಟರ್ಕಿಯನ್ನೂ ಇಟ್ಟರು. ರಾಜಕೀಯ ಚಿಂತಕ ರಾಜೀವ್ ಭಾರ್ಗವ ಭಾರತದ ಬಗ್ಗೆ ಬರೆಯುವಾಗ ‘ತತ್ವಬದ್ಧ ಅಂತರ’ ಎಂಬ ಮೂರನೆಯ ದಾರಿಯನ್ನೇ ಗುರುತಿಸಿದರು: ಪ್ರಭುತ್ವ ಎಲ್ಲಿ ಕೈಹಾಕಬೇಕು, ಎಲ್ಲಿ ದೂರ ಇರಬೇಕು ಎಂಬುದನ್ನು ತತ್ವ ನೋಡಿ ತೀರ್ಮಾನಿಸುವುದು. ಈ ವ್ಯತ್ಯಾಸ ಗೊತ್ತಿಲ್ಲದೆ ದೇಶಗಳನ್ನು ಹೋಲಿಸಲು ಹೊರಟವರ ಪ್ರಬಂಧ ಮೂರನೇ ಪುಟದಲ್ಲೇ ಕುಂಟುತ್ತದೆ.

ಸಿದ್ಧ ದತ್ತಾಂಶ ಬೇಕಾದಷ್ಟಿದೆ. ಹಲವು ದೇಶಗಳ ಜನರ ಮೌಲ್ಯಗಳನ್ನು ಕೇಳುವ ವರ್ಲ್ಡ್ ವ್ಯಾಲ್ಯೂಸ್ ಸರ್ವೆ 1981ರಿಂದ ನಡೆಯುತ್ತಿದೆ. ಆಫ್ರಿಕದ ದೇಶಗಳಿಗೆ ಆಫ್ರೊಬ್ಯಾರೋಮೀಟರ್, ಅರಬ್ ದೇಶಗಳಿಗೆ ಅರಬ್ ಬ್ಯಾರೋಮೀಟರ್ ಎಂಬ ಸಮೀಕ್ಷೆಗಳಿವೆ. ಸರ್ಕಾರಗಳು ಧರ್ಮದ ವಿಷಯದಲ್ಲಿ ಏನೇನು ಮಾಡುತ್ತವೆ ಎಂಬುದನ್ನು ಜೊನಾಥನ್ ಫಾಕ್ಸ್ ಅವರ ರಿಲಿಜನ್ ಅಂಡ್ ಸ್ಟೇಟ್ ಯೋಜನೆ 1990ರಿಂದ ಮುಂದಕ್ಕೆ ದಾಖಲಿಸಿದೆ. ಯಾವುದನ್ನೇ ತೆಗೆದುಕೊಳ್ಳಿ, ಅಂಕಿಗಳನ್ನು ತೆರೆಯುವ ಮುಂಚೆ ಕೋಡ್‌ಬುಕ್ ಓದಿ, ಅಂದರೆ ಯಾವ ಅಂಕಿಗೆ ಯಾವ ಅರ್ಥ ಎಂದು ಹೇಳುವ ಕೈಪಿಡಿ. ಒಂದು ಸಮೀಕ್ಷೆಯಲ್ಲಿ ‘ಉತ್ತರ ಕೊಡಲಿಲ್ಲ’ ಎಂಬುದಕ್ಕೆ 9 ಎಂದು ಕೊಟ್ಟಿದ್ದರು. ನಾನು ಅದನ್ನೂ ಸರಾಸರಿಗೆ ಸೇರಿಸಿಬಿಟ್ಟೆ. ಬಾಯಿಬಿಡಲು ಹೆದರಿದ ಒಂದು ಸಣ್ಣ ಸಮುದಾಯ ನನ್ನ ಕೋಷ್ಟಕದಲ್ಲಿ ಮಹಾಭಕ್ತರ ಗುಂಪಾಗಿ ಹೊಳೆಯಿತು. ಆ ಕೋಷ್ಟಕವನ್ನು ವಿಚಾರ ಸಂಕಿರಣದಲ್ಲಿ ತೋರಿಸಿಯೂ ಆಗಿತ್ತು.

ಜನರ ಹತ್ತಿರ ಹೋಗುವಾಗ

‘ನೀವು ಯಾವ ಧರ್ಮದವರು? ದೇವರನ್ನು ನಂಬುತ್ತೀರಾ?’ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರವನ್ನು ಮನೆಯಲ್ಲೇ ತಯಾರಿಸಿಕೊಂಡು ಹೋಗಿ. ಸುಳ್ಳು ಹೇಳಬೇಡಿ. ಹತ್ತಿರವಾಗಲು ನಂಬುವವರ ಹಾಗೆ ನಟಿಸುವುದು ನಾಚಿಕೆಗೇಡು, ಅದು ಬೇಗ ಬಯಲಾಗುತ್ತದೆ ಕೂಡ. ನಾನು ಮೊದಲು ಸಂದರ್ಶನ ಮಾಡಿದ ಹಿರಿಯ ಧರ್ಮಗುರು ಮುಕ್ಕಾಲು ಗಂಟೆ ನನ್ನನ್ನೇ ಸಂದರ್ಶನ ಮಾಡಿದರು. ಕೊನೆಗೆ, “ನೋಡಮ್ಮಾ, ನೀನು ನಂಬದಿದ್ದರೆ ನನಗೇನೂ ನಷ್ಟವಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಬರೆದರೆ ಮಾತ್ರ ನಷ್ಟ” ಅಂದರು. ಅಷ್ಟಾದ ಮೇಲೆ ನನಗೆ ಸಿಕ್ಕಿದ್ದು ಹದಿನೈದು ನಿಮಿಷ. ಅದರಲ್ಲಿ ನಾನು ‘ಪ್ರಜಾಪ್ರಭುತ್ವದ ಬಗ್ಗೆ ನಿಮ್ಮ ಅಭಿಪ್ರಾಯ?’ ಎಂದು ಕೇಳಿ ಆ ಅವಕಾಶವನ್ನೂ ಹಾಳುಮಾಡಿಕೊಂಡೆ. ಅವರು ಭಾಷಣ ಮಾಡಿದರು, ನಾನು ಬರೆದುಕೊಂಡೆ.

ದೊಡ್ಡ ಪ್ರಶ್ನೆಗೆ ಭಾಷಣವೇ ಉತ್ತರ. ಸಣ್ಣದು ಕೇಳಿ. ‘ನಿನ್ನೆ ನಿಮ್ಮನ್ನು ನೋಡಲು ಯಾರ್ಯಾರು ಬಂದಿದ್ದರು? ಯಾಕೆ ಬಂದಿದ್ದರು?’ ಈ ಒಂದು ಪ್ರಶ್ನೆಯಿಂದ ನನಗೆ ಎಷ್ಟೋ ವಿಷಯ ತಿಳಿದಿದೆ. ಬಂದವರಲ್ಲಿ ಆಶೀರ್ವಾದಕ್ಕೆ ಬಂದವರಿರುತ್ತಾರೆ, ಟಿಕೆಟಿಗೆ ಬಂದವರಿರುತ್ತಾರೆ, ಎರಡಕ್ಕೂ ಬಂದವರಿರುತ್ತಾರೆ. ಇನ್ನೊಂದು ಮಾತು: ಗುರುಗಳಿಗಿಂತ ಲೆಕ್ಕ ಬರೆಯುವವರ ಹತ್ತಿರ ಜಾಸ್ತಿ ಹೊತ್ತು ಕೂತುಕೊಳ್ಳಿ. ಸಂಸ್ಥೆ ಯಾವುದಕ್ಕೆ ಎಷ್ಟು ಬೆಲೆ ಕೊಡುತ್ತದೆ ಎಂಬುದು ಪ್ರವಚನಕ್ಕಿಂತ ಖರ್ಚಿನ ಪುಸ್ತಕದಲ್ಲಿ ಸ್ಪಷ್ಟ. ದಾಖಲೆ ತೋರಿಸಲೇಬೇಕೆಂದು ಹಟ ಹಿಡಿಯಬೇಡಿ. ಅವರಿಗೂ ಸಂಜೆ ಬೇಜಾರಾಗುತ್ತದೆ, ತಾವಾಗಿಯೇ ಮಾತಾಡುತ್ತಾರೆ.

ಹೆಸರುಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆಯಬೇಡಿ. ಸಂಕೇತ ಬರೆಯಿರಿ, ಸಂಕೇತದ ಕೀಲಿ ಬೇರೆ ಕಡೆ ಇರಲಿ. ನಿಮ್ಮ ಪುಸ್ತಕ ಯಾರ ಕೈಗೋ ಸಿಕ್ಕರೆ ನಿಮಗೆ ಮುಜುಗರ ಅಷ್ಟೇ, ಅವರಿಗೆ ಪ್ರಾಣಕ್ಕೇ ಕುತ್ತು ಬರಬಹುದು. ಹಿಂಸೆ ನಡೆದ ಜಾಗಕ್ಕೆ ಹೋದಾಗ, ವಿಚಾರಣಾ ಆಯೋಗದ ವರದಿಯಲ್ಲೋ ನ್ಯಾಯಾಲಯದ ಕಡತದಲ್ಲೋ ಆಗಲೇ ಇರುವ ಸಂಗತಿಯನ್ನು ನೊಂದವರ ಬಾಯಿಂದ ಮತ್ತೆ ಹೇಳಿಸಬೇಡಿ. ವಿಶ್ವವಿದ್ಯಾಲಯದ ನೈತಿಕತಾ ಸಮಿತಿ ಇದನ್ನೆಲ್ಲ ಫಾರಂನಲ್ಲಿ ಕೇಳುತ್ತದೆ. ಫಾರಂ ತುಂಬಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ.

ಕೆಲಸ, ಪ್ರಕಟಣೆ

‘ಧರ್ಮ ಮತ್ತು ರಾಜಕೀಯ’ ಎಂಬ ಹೆಸರಿನಲ್ಲಿ ಹುದ್ದೆಯ ಜಾಹೀರಾತು ಬರುವುದು ಅಪರೂಪ. ಹುದ್ದೆ ಇರುವುದು ತೌಲನಿಕ ರಾಜಕೀಯದಲ್ಲಿ, ರಾಜಕೀಯ ಚಿಂತನೆಯಲ್ಲಿ, ಅಂತರರಾಷ್ಟ್ರೀಯ ಸಂಬಂಧಗಳಲ್ಲಿ. ಅವುಗಳಲ್ಲಿ ಒಂದರೊಳಗೆ ಗಟ್ಟಿಯಾಗಿ ಒಂದು ಕಾಲೂರಿ. ಆಯ್ಕೆ ಸಮಿತಿಯ ಮುಂದೆ ‘ನಾನು ಪಕ್ಷಗಳನ್ನು ಓದುತ್ತೇನೆ, ಅದಕ್ಕೇ ಧಾರ್ಮಿಕ ಸಂಸ್ಥೆಗಳನ್ನೂ ಓದುತ್ತೇನೆ’ ಎಂದು ಹೇಳಲು ಬರಬೇಕು.

ನಮ್ಮ ಶಾಸ್ತ್ರ ಈ ವಿಷಯವನ್ನು ಬಹಳ ಕಾಲ ಮೂಲೆಗಿಟ್ಟಿತ್ತು. ಆಧುನಿಕತೆ ಬಂದ ಹಾಗೆ ಧರ್ಮ ಹಿಂದೆ ಸರಿಯುತ್ತದೆ ಎಂದು ನಂಬಿದ್ದರಿಂದ ಓದುವ ಅಗತ್ಯವೇ ಕಂಡಿರಲಿಲ್ಲ. 1979ರಲ್ಲಿ ಇರಾನಿನ ಕ್ರಾಂತಿ ಆಯಿತು. ಅದೇ ವರ್ಷ ಜೂನ್‌ನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಪೋಲೆಂಡಿಗೆ ಹೋದರು, ಮರುವರ್ಷ ಅಲ್ಲಿ ಸಾಲಿಡಾರಿಟಿ ಎಂಬ ಕಾರ್ಮಿಕ ಸಂಘಟನೆ ಹುಟ್ಟಿತು. 1960ರ ದಶಕದಲ್ಲಿ ಆ ಹಳೆಯ ವಾದವನ್ನು ಕಟ್ಟಿದವರಲ್ಲಿ ಒಬ್ಬರಾದ ಸಮಾಜಶಾಸ್ತ್ರಜ್ಞ ಪೀಟರ್ ಬರ್ಗರ್ 1999ರ ಹೊತ್ತಿಗೆ ತಾವು ತಪ್ಪಿದ್ದೆವು ಎಂದು ಬಹಿರಂಗವಾಗಿ ಬರೆದರು. ಇಷ್ಟಾದರೂ ಈ ವಿಷಯಕ್ಕೇ ಮೀಸಲಾದ ‘ಪಾಲಿಟಿಕ್ಸ್ ಅಂಡ್ ರಿಲಿಜನ್’ ಜರ್ನಲ್ ಶುರುವಾಗಿದ್ದು 2008ರಲ್ಲಿ. ಅಲ್ಲಿಗೆ ಲೇಖನ ಕಳಿಸಿ, ಸಂತೋಷ. ಆದರೆ ಎಲ್ಲವನ್ನೂ ಅಲ್ಲಿಗೇ ಕಳಿಸಿದರೆ ನಿಮ್ಮನ್ನು ಓದುವವರು ನಿಮ್ಮಂಥವರೇ ಆಗಿಬಿಡುತ್ತಾರೆ.

ನನ್ನ ಮೊದಲ ಲೇಖನಕ್ಕೆ ಇಬ್ಬರು ರಿವ್ಯೂವರ್‌ಗಳು, ಅಂದರೆ ಪ್ರಕಟಣೆಗೆ ಮುಂಚೆ ಓದಿ ತೀರ್ಪು ಕೊಡುವವರು. ಭಕ್ತಿಯನ್ನು ಬರೀ ಲಾಭದ ಲೆಕ್ಕಕ್ಕೆ ಇಳಿಸಿದ್ದೇನೆ ಎಂದು ಒಬ್ಬರ ಆಕ್ಷೇಪ. ನಂಬಿಕೆಗೆ ಅತಿಯಾದ ತೂಕ ಕೊಟ್ಟಿದ್ದೇನೆ ಎಂದು ಇನ್ನೊಬ್ಬರದು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದು ದಿನ ಪೂರ್ತಿ ಸಿಟ್ಟು ಮಾಡಿಕೊಂಡೆ. ಮಾರನೆಯ ದಿನ ಹೊಳೆಯಿತು: ನಾನು ಯಾರ ಬಗ್ಗೆ ಮಾತಾಡುತ್ತಿದ್ದೇನೆ ಎಂದೇ ಲೇಖನದಲ್ಲಿ ಸ್ಪಷ್ಟವಿರಲಿಲ್ಲ. ಗುರುಗಳ ಲೆಕ್ಕಾಚಾರ ಒಂದು ಪುಟದಲ್ಲಿ, ಭಕ್ತರ ನಂಬಿಕೆ ಇನ್ನೊಂದು ಪುಟದಲ್ಲಿ, ಎರಡಕ್ಕೂ ಹೆಸರು ‘ಧರ್ಮ’. ಮೊದಲು ಹೇಳಿದ ಅಭ್ಯಾಸವನ್ನು ನನ್ನ ಮೇಲೇ ಮಾಡಿಕೊಂಡೆ. ಆ ಪದವನ್ನು ಹೊಡೆಯುತ್ತಾ ಹೋದೆ. ಮೂರನೇ ಸಲಕ್ಕೆ ಲೇಖನ ದಾಟಿತು.

ಟೀವಿಯವರು ಕರೆಯುತ್ತಾರೆ, ಅದೂ ಗಲಾಟೆ ಆದ ದಿನವೇ. ನಾನು ಓದಿದ ಜಾಗ, ಓದಿದ ಸಂಸ್ಥೆ ಅಲ್ಲದಿದ್ದರೆ ಹೋಗುವುದಿಲ್ಲ. ಮೊದಮೊದಲು ಹೋಗುತ್ತಿದ್ದೆ.

ಕೊನೆಯದು, ಬರೆದದ್ದನ್ನು ಮಾತಾಡಿಸಿದವರಿಗೆ ಕಳಿಸಿ. ಹೆದರಿಕೆ ಆಗುತ್ತದೆ. ಕಳಿಸಿ. ನನ್ನ ಮಹಾಪ್ರಬಂಧದ ಒಂದು ಅಧ್ಯಾಯವನ್ನು ಆ ಹಿರಿಯ ಧರ್ಮಗುರುವಿಗೆ ಕಳಿಸಿದ್ದೆ. ಅವರ ಸಂಸ್ಥೆ ಒಂದು ಚುನಾವಣೆಯಲ್ಲಿ ಹೇಗೆ ನಿಲುವು ಬದಲಿಸಿತು ಎಂದು ಅದರಲ್ಲಿ ಬರೆದಿದ್ದೆ. ಸಿಹಿ ಅಧ್ಯಾಯವೇನಲ್ಲ. ಮೂರು ತಿಂಗಳ ನಂತರ ಅಂಚೆಯಲ್ಲಿ ವಾಪಸ್ ಬಂತು. ನನ್ನ ವಾದದ ಪುಟಗಳ ಮೇಲೆ ಒಂದು ಗೆರೆಯೂ ಇರಲಿಲ್ಲ. ಒಂದು ಅಡಿಟಿಪ್ಪಣಿಯಲ್ಲಿ ಮಾತ್ರ, ನಾನು ‘ಕಾರ್ಯದರ್ಶಿ’ ಎಂದು ಬರೆದ ವ್ಯಕ್ತಿಯ ಹುದ್ದೆಯನ್ನು ಪೆನ್ಸಿಲಿನಿಂದ ಹೊಡೆದು ‘ಆಗ ಅವರು ಉಪಕಾರ್ಯದರ್ಶಿ’ ಎಂದು ತಿದ್ದಿದ್ದರು. ಹಳೆಯ ಸಭೆಯ ನಡಾವಳಿ ತೆಗೆದು ನೋಡಿದೆ. ಅವರು ಹೇಳಿದ್ದೇ ಸರಿ.